ಇಳಿಜಾರು ನೆಲದ ಮೇಸ್ತ್ರಿ

ಬೆಳಗಿನ ಐದೂವರೆ. ಹಳೆಯ ರೈಲ್ವೆ ಗೂಡ್ಸ್ ಶೆಡ್ಡಿನ ಗೋಡೆಯ ಬುಡದಲ್ಲಿ ಮೇಸ್ತ್ರಿ ಕುಕ್ಕರುಗಾಲಲ್ಲಿ ಕೂತು ಸುಣ್ಣದ ಗಾರೆ ಕಲಸುತ್ತಿದ್ದಾರೆ. ಸಿಮೆಂಟಿನ ಹೆಸರೆತ್ತಿದರೆ ಮುಖ ಸಿಂಡರಿಸುತ್ತಾರೆ. "ಹಳೇ ಕಲ್ಲಿಗೂ ಅದಕ್ಕೂ ಆಗಿಬರಲ್ಲ," ಎನ್ನುತ್ತಾರೆ.

ನೂರಹತ್ತು ವರ್ಷದ ಕಟ್ಟಡ. ಉದ್ದ ಮುನ್ನೂರು ಅಡಿ, ಅಗಲ ಬರೀ ನಲವತ್ತು. ಹಳಿಯ ಕಡೆ ಹನ್ನೆರಡು ಬಾಗಿಲು, ರಸ್ತೆಯ ಕಡೆ ಹನ್ನೆರಡು. ನೆಲ ವ್ಯಾಗನ್ನಿನ ತಳದಷ್ಟೇ ಎತ್ತರ. ಮೂಟೆ ಹೊತ್ತವರು ಹತ್ತಿ ಇಳಿಯಬೇಕಿರಲಿಲ್ಲ. ಎರಡೂ ಬದಿಗೆ ಎಂಟಡಿ ಚಾಚಿದ ಸೂರು. ಗೂಡ್ಸ್ ಗಾಡಿ ಬರುವುದು ನಿಂತು ಹದಿನೆಂಟು ವರ್ಷವಾಯಿತು. ಮೇಸ್ತ್ರಿ ಮಾತ್ರ ಮೂವತ್ತೊಂದು ವರ್ಷದಿಂದ ಬರುತ್ತಲೇ ಇದ್ದಾರೆ. ಅಂದೂ ದಿನಗೂಲಿ, ಇಂದೂ ದಿನಗೂಲಿ. ದಿನಕ್ಕೆ ಎರಡು ಬಾಂಡಲಿ ಗಾರೆ, ಹತ್ತಡಿ ಕಲ್ಲುಸಂದು ತುಂಬುವ ಕೆಲಸ.

"ನನ್ನ ಮಂಡಿನೋವು ಒಂದಿನ ವಿಚಾರಿಸಿದೋರಲ್ಲ. ಆ ಗೋಡೆ ಬಿರುಕು ಬಿಟ್ರೆ ಮಾತ್ರ ಊಟ ಸೇರಲ್ಲ ಇವರಿಗೆ," ಎಂದು ಹೆಂಡತಿ ಕಾಲೆಳೆಯುತ್ತಾರೆ.

ಹೋದ ತಿಂಗಳು ನಿಜಕ್ಕೂ ಊಟ ಸೇರಲಿಲ್ಲ. ತಪಾಸಣೆಗೆ ಬಂದ ಎಂಜಿನಿಯರಮ್ಮ ನೆಲಕ್ಕೆ ಮಟ್ಟಗೋಲು ಇಟ್ಟರು. ಹಳಿಯ ಕಡೆಗೆ ಮೂರಿಂಚು ಇಳಿದಿತ್ತು. 'ತಳಪಾಯ ಕುಸಿದಿದೆ, ಕೆಡವಬಹುದು' ಎಂದು ಕರಡು ವರದಿಯಲ್ಲಿ ಬರೆದರು. ಕೆಲಸಕ್ಕೆ ಸೇರಿದ ವರ್ಷ ಮೇಸ್ತ್ರಿಯೂ ಹೀಗೇ ಮೋಸಹೋಗಿದ್ದರು.

"ವಾಲಿದೆ ಅಂತ ಏಳನೇ ಬಾಗಿಲ ಹತ್ರ ಸಿಮೆಂಟು ಹಾಕಿ ಮಟ್ಟ ಮಾಡ್ಬಿಟ್ಟೆ. ಭಾರೀ ಕೆಲಸ ಮಾಡ್ದೆ ಅಂತ ಮೀಸೆ ಬೇರೆ ತಿರುವಿದ್ದೆ. ಮೊದಲ ಮಳೆಗೇ ಎರಚಲು ನೀರು ಅಲ್ಲೇ ನಿಂತು ಸಕ್ಕರೆ ಮೂಟೆಗಳ ಬುಡ ಕರಗಿಹೋಯ್ತು. ಆಗ ಹಿರೀ ಹಮಾಲ ಉಗಿದು ಹೇಳಿದ, ಕಟ್ಟಿದೋರು ಬೇಕಂತ್ಲೇ ಇಳಿಜಾರು ಇಟ್ಟಿದ್ದು, ನೀರು ಹರಿದುಹೋಗ್ಲಿ, ತಳ್ಳುಗಾಡಿ ಸಲೀಸಾಗಿ ವ್ಯಾಗನ್ ಕಡೆ ಉರುಳ್ಲಿ ಅಂತ," ಎಂದು ಎಂಜಿನಿಯರಮ್ಮನಿಗೆ ಹೇಳಿದರು.

ತಾವೇ ಹಾಕಿದ್ದನ್ನು ಹದಿನಾರು ದಿನ ಉಳಿ ಹಿಡಿದು ತಾವೇ ಕೆತ್ತಿ ತೆಗೆದಿದ್ದರು.

ಎಂಜಿನಿಯರಮ್ಮನ ಎದುರು ಮೇಸ್ತ್ರಿ ಗೋಡೆಗೆ ದಾರಕ್ಕೆ ಕಟ್ಟಿದ ತೂಕದ ಗುಂಡು ಇಳಿಬಿಟ್ಟರು. ದಾರ ಕೂದಲೆಳೆಯಷ್ಟೂ ಆಚೀಚೆ ಆಗಲಿಲ್ಲ. "ತಳ ಕುಸಿದಿದ್ರೆ ಗೋಡೆ ಇಷ್ಟು ನೆಟ್ಟಗೆ ನಿಂತಿರುತ್ತಾ ಮೇಡಂ? ಎಲ್ಲಾ ಬಾಗಿಲ ಹತ್ರಾನೂ ಅಳೀರಿ."

ಎಂಜಿನಿಯರಮ್ಮ ಅಳೆದರು. ಹಳಿಯ ಕಡೆಯ ಹನ್ನೆರಡೂ ಬಾಗಿಲಲ್ಲಿ ಅದೇ ಮೂರಿಂಚು. ಕುಸಿದ ನೆಲ ಇಷ್ಟು ಲೆಕ್ಕಾಚಾರವಾಗಿ ಕುಸಿಯುವುದಿಲ್ಲ. ಕೆಡವುವ ಸಾಲನ್ನು ಅಲ್ಲೇ ಹೊಡೆದುಹಾಕಿ, ವರದಿಯಲ್ಲಿ ನಿಮ್ಮ ಹೆಸರು ಸೇರಿಸಲೇ ಎಂದು ಮೇಸ್ತ್ರಿಯನ್ನು ಕೇಳಿದರು.

"ಹೆಸರು ಬೇಡ ಮೇಡಂ. ಈ ನೆಲಾನ ಯಾರೂ ಮಟ್ಟ ಮಾಡಬಾರದು ಅಂತ ದಪ್ಪಕ್ಷರದಲ್ಲಿ ಬರೀರಿ, ಸಾಕು. ನನ್ನ ಜಾಗಕ್ಕೆ ಬರೋನೂ ನನ್ನಷ್ಟೇ ಬುದ್ಧಿವಂತ ಆಗಿದ್ರೆ ಕಷ್ಟ."