ನೀರು ಕುಡಿದ ಬೆಸುಗೆ

ಕ್ಯಾತನಹಳ್ಳಿಯ ಕಮ್ಮಾರ ಲಕ್ಷ್ಮಣನಿಗೆ ಬೆಂಕಿಯ ಭಯವಿಲ್ಲ, ಬಾಯಿ ಜೋರಿನ ಗಿರಾಕಿಗಳ ಭಯವಂತೂ ಮೊದಲೇ ಇಲ್ಲ. ಅವನು ತಟ್ಟಿಕೊಟ್ಟ ಕುಡುಗೋಲಿನಲ್ಲಿ ಒಮ್ಮೆ ಕಬ್ಬು ಕಡಿದವರು ಇನ್ನೊಬ್ಬನ ಕುಲುಮೆಗೆ ಹೋದದ್ದಿಲ್ಲ. ಅಂಥ ಮನುಷ್ಯ ದಸರಾ ಕ್ರೀಡಾಕೂಟದ ದಿನ ಕಿರಂಗೂರಿನ ರಸ್ತೆಬದಿಯಲ್ಲಿ ಸೈಕಲ್ ರೇಸು ನೋಡುತ್ತಾ ಬೆವರುತ್ತಿದ್ದ.

ರೇಸಿನಲ್ಲಿ ಮಗಳು ಅನುಶ್ರೀ ಇದ್ದಳು. ಗೆದ್ದವಳೊಬ್ಬಳಿಗೇ ಜಿಲ್ಲಾ ತಂಡದಲ್ಲಿ ಜಾಗ. ಅವಳ ವಯಸ್ಸಿಗೆ ಇದೇ ಕೊನೆಯ ವರ್ಷ. ಪಾಂಡವಪುರದ ರಸ್ತೆಯಲ್ಲಿ ಮೂರು ಸಲ ಹೋಗಿ ಬರಬೇಕು. ಮೊದಲ ಸುತ್ತಿನಲ್ಲೇ ಅವಳು ಎಲ್ಲರಿಗಿಂತ ಮುಂದಿದ್ದಳು.

“ಲೇ ಲಕ್ಷ್ಮಣ, ನಿನ್ ಮಗ್ಳು ಕುದ್ರೆ ಕಣ್ಲಾ!” ಅವನ ಹಳೆಯ ಗಿರಾಕಿ ಹೊನ್ನಪ್ಪ ಬೆನ್ನಿಗೊಂದು ಗುದ್ದಿದ. “ನೀನ್ಯಾಕ್ಲಾ ಇಂಗೆ ಮಕ ಸಪ್ಪಗ್ ಮಾಡ್ಕಂಡಿದ್ದೀಯೆ?”

ಲಕ್ಷ್ಮಣ ಮಗಳು ಹೋದ ದಿಕ್ಕನ್ನೇ ನೋಡಿದ. ಬಾಯಿ ಬಿಟ್ಟರೆ ಹೇಳಬೇಕಾದದ್ದು ತನ್ನದೇ ತಪ್ಪು.

ಮುಂದಿನ ಚಕ್ರ ಹಿಡಿಯುವ ಫೋರ್ಕಿನಲ್ಲಿ ಬಿರುಕು ಬಿಟ್ಟಿದೆಯೆಂದು ಅನುಶ್ರೀ ಹಿಂದಿನ ದಿನವೇ ತೋರಿಸಿದ್ದಳು. ಅವತ್ತು ಅಮಾವಾಸ್ಯೆ. ಅವರ ಮನೆಯಲ್ಲಿ ಅಮಾವಾಸ್ಯೆಗೆ ತಿದಿ ಊದುವುದಿಲ್ಲ, ಸುತ್ತಿಗೆ ಮುಟ್ಟುವುದಿಲ್ಲ. “ಅಮಾಸೆ ದಿನ ಬೆಂಕಿ ಅಚ್ಚಿದ್ರೆ ಕುಲ್ಮೆ ಮುನಿಸ್ಕತದೆ ಕಣ್ಲಾ” ಎಂದು ಅವನ ತಾಯಿ ಮೂಗಮ್ಮ ಬಾಗಿಲಲ್ಲೇ ಕೂತಿದ್ದಳು. ತಾಯಿಯ ಮಾತು ಮೀರಲಾರದೆ ಅವನು ಕೆಲಸವನ್ನು ರೇಸಿನ ಬೆಳಗ್ಗೆಗೆ ಇಟ್ಟುಕೊಂಡ.

ಬೆಳಗ್ಗೆ ಗಡಿಬಿಡಿ. ಹಿತ್ತಾಳೆ ಕರಗಿಸಿ ಅಂದವಾಗಿಯೇ ಬೆಸೆದ. ಆದರೆ ಅವನ ಮನಸ್ಸು ಕಿರಂಗೂರಿನ ಬಸ್ಸಿನ ಮೇಲಿದ್ದಾಗ ಕೈ ತನ್ನ ಮೂವತ್ತು ವರ್ಷದ ರೂಢಿಯಂತೆ ನಡೆದುಕೊಂಡಿತು: ಕಾದ ಫೋರ್ಕನ್ನು ಎತ್ತಿ ಬಾನಿಯ ನೀರಿಗೆ ಅದ್ದಿಬಿಟ್ಟಿತು. ಕುಡುಗೋಲಿಗೆ ನೀರು ಕುಡಿಸಲೇಬೇಕು, ಆಗಲೇ ಬಾಯಿ ಗಟ್ಟಿ. ಬೆಸುಗೆಗೆ ಕುಡಿಸಬಾರದು, ಕುಡಿಸಿದರೆ ಯಾವಾಗ ಪಟ್ಟನೆ ಮುರಿಯುತ್ತದೋ ಹೇಳಲಾಗದು. ಅದ್ದಿದ್ದು ಅವನಿಗೆ ನೆನಪಾದದ್ದು ಈಗ, ಮಗಳು ಕಣ್ಣೆದುರೇ ಗಾಳಿಯಂತೆ ಹಾದು ಹೋದಾಗ. ಮುಂದೆ ನಾಲೆಯ ಸೇತುವೆಗೆ ರಸ್ತೆ ಇಳಿಜಾರು.

ಎರಡನೇ ಸುತ್ತಿನಲ್ಲಿ ಅವಳು ಬಂದಾಗ “ನಿಲ್ಸವ್ವಾ! ನಿಲ್ಸು!” ಎಂದು ಕೈ ಬೀಸಿ ಕೂಗಿದ. ಎಲ್ಲರೂ ಕೂಗುತ್ತಿದ್ದರು. ಅಪ್ಪನೂ ಹುರಿದುಂಬಿಸುತ್ತಿದ್ದಾನೆಂದು ಅವಳು ನಕ್ಕು ಇನ್ನಷ್ಟು ಜೋರಾಗಿ ತುಳಿದಳು. ಆ ನಗು ನೋಡಿದ ಮೇಲೆ ನಿಲ್ಲಿಸದೆ ಬಿಡುವುದು ಅವನ ಕೈಲಾಗಲಿಲ್ಲ.

ಕೊನೆಯ ಸುತ್ತಿನಲ್ಲಿ ಹಗ್ಗ ದಾಟಿ, ಎರಡೂ ಕೈ ಚಾಚಿ ರಸ್ತೆಯ ನಡುವೆ ನಿಂತುಬಿಟ್ಟ. ಅನುಶ್ರೀ ಕಿರುಚಿ ಬ್ರೇಕು ಹಿಡಿದಳು; ಅವನು ಹ್ಯಾಂಡಲ್ಲನ್ನು ಹಿಡಿದವನು ಬಿಡಲೇ ಇಲ್ಲ. ಹಿಂದಿದ್ದ ಹುಡುಗಿಯರು ಎಡಕ್ಕೂ ಬಲಕ್ಕೂ ಸರಿದು, ಒಬ್ಬೊಬ್ಬರಾಗಿ ಹಾದು ಹೋದರು.

ಜನ ಬೈದರು. ಪೊಲೀಸಿನವನು ಅವನ ತೋಳು ಹಿಡಿದು ಬದಿಗೆಳೆದ. ಲಕ್ಷ್ಮಣ ತೊದಲುತ್ತಾ ಎಲ್ಲವನ್ನೂ ಹೇಳಿದ: ಅಮಾವಾಸ್ಯೆ, ಗಡಿಬಿಡಿ, ನೀರು. “ನೋಡು, ಈಗ್ಲೇ ತೋರುಸ್ತೀನಿ” ಎಂದು ಮಗಳಿಗೆ ಹೇಳಿದವನೇ ಮುಂದಿನ ಚಕ್ರ ಬಿಚ್ಚಿ, ಸೈಕಲ್ಲನ್ನು ಎತ್ತಿ ಫೋರ್ಕನ್ನು ಮೈಲಿಗಲ್ಲಿಗೆ ಬಡಿದ.

ಠಣ್ ಎಂದಿತು, ಮುರಿಯಲಿಲ್ಲ. ಇನ್ನೊಮ್ಮೆ ಬಡಿದ. ಮೂರನೇ ಸಲ ಮೈಯ ಬಲವನ್ನೆಲ್ಲ ಹಾಕಿದ. ತನ್ನ ಕೈಕೆಲಸ ಮುರಿಯಲಿ ತಾಯಿ ಎಂದು ಕಾಳಮ್ಮನಿಗೆ ಹರಕೆ ಹೊತ್ತದ್ದು ಅವನ ಬದುಕಿನಲ್ಲಿ ಅದೇ ಮೊದಲು. ಕಲ್ಲಿನ ಮೂಲೆಯ ಚೂರು ಹಾರಿತು. ಬೆಸುಗೆ ಹಾಗೇ ಇತ್ತು. ಹೊನ್ನಪ್ಪ ಮುಖ ಆಚೆ ತಿರುಗಿಸಿದ.

“ಬುಡಪ್ಪೋ” ಎಂದಳು ಅನುಶ್ರೀ. ಅಳುತ್ತಿರಲಿಲ್ಲ, ಅದೇ ಅವನಿಗೆ ಹೆಚ್ಚು ನೋವು ಕೊಟ್ಟಿತು. “ನೀನು ಬೆಸ್ದಿದ್ದು ಅಂತ ನಾನು ಇಳಿಜಾರ್ನಲ್ಲೂ ಬ್ರೇಕ್ ಇಡೀನಿಲ್ಲ. ನಿಂಗೇ ನಂಬ್ಕೆ ಬರ್ನಿಲ್ವಾ?”

ಚಕ್ರವನ್ನು ಹೆಗಲಿಗೆ ಹಾಕಿಕೊಂಡು ಅವಳು ಬಸ್ ಸ್ಟಾಪಿನ ಕಡೆ ನಡೆದಳು. ಲಕ್ಷ್ಮಣ ಉಳಿದ ಸೈಕಲ್ಲನ್ನು ಹೊತ್ತು ಹತ್ತು ಹೆಜ್ಜೆ ಹಿಂದೆ ಬಂದ.