ಟಂಟಂ ಹತ್ತಿ ಬಂದ ಜ್ಞಾನಿಗಳು

ಅಡುಗೆಮನೆಯಿಂದ ಪಡಸಾಲೆಗೆ ಬರಬೇಕಿತ್ತು, ಬರಲಿಲ್ಲ. ನನ್ನ ತಪ್ಪು ಇಷ್ಟೇ. ಪಡಸಾಲೆಯ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ನಾನು ಒಳಗೆ ಗೋಡೆಗೆ ಒರಗಿಕೊಂಡು ಉಸಿರು ಬಿಗಿಹಿಡಿದು ನಿಂತಿದ್ದೆ. ನಡುವೆ ಇದ್ದದ್ದು ಒಂದು ಪರದೆ ಮಾತ್ರ.

ಮೊನ್ನೆ ಇದೆಲ್ಲ ಮತ್ತೆ ನೆನಪಾಯಿತು. ನಾನು ಹಗರಿಬೊಮ್ಮನಹಳ್ಳಿಯ ಒಂದು ಹಾಸ್ಟೆಲ್ಲಿನಲ್ಲಿ ಅಡುಗೆ ಕೆಲಸ ಮಾಡುತ್ತೇನೆ. ಪಕ್ಕದ ಮನೆಯವರು ಕಟ್ಟೆಗೆ ಕೆಮ್ಮಣ್ಣು ಬಳಿಯುತ್ತಿದ್ದರು. ಒಲೆಯ ಮೇಲೆ ಸಾರು ಕುದಿಯುತ್ತಿತ್ತು, ಒಗ್ಗರಣೆಯ ಘಾಟು ತುಂಬಿತ್ತು, ಅದನ್ನೆಲ್ಲ ಸೀಳಿಕೊಂಡು ಆ ಹಸಿ ಮಣ್ಣಿನ ವಾಸನೆ ಕಿಟಕಿಯಿಂದ ಒಳಗೆ ಬಂತು. ಸೌಟು ಹಿಡಿದವಳು ಹಾಗೇ ನಿಂತುಬಿಟ್ಟೆ. "ಯಾಕಬೇ, ದೇವರು ಬಂದಂಗ ನಿಂತೀ! ಸಾರು ಉಕ್ಕಾಕತ್ತೈತಿ ನೋಡು!" ಎಂದು ಜೊತೆಯವಳು ಕೂಗಿದಾಗಲೇ ಎಚ್ಚರವಾದದ್ದು.

ನಾನು ಓದಿದ್ದು ಐದನೆಯ ತರಗತಿ. ಬರೆದದ್ದರಲ್ಲಿ ಹಿಂದುಮುಂದಾದರೆ ಓದುವವರು ಸರಿ ಮಾಡಿಕೊಳ್ಳಬೇಕು.

ನಮ್ಮದು ಕೊಟ್ಟೂರು. ರೈಲು ಹಳಿಯ ಆಚೆ ಒಂದೇ ಕೋಣೆಯ ಮನೆ. ಆ ಓಣಿಯಲ್ಲಿ ಕ್ರಿಸ್‌ಮಸ್ ಮಾಡುವ ಮನೆಗಳು ಕೆಲವೇ ಇದ್ದವು. ಅಪ್ಪ ಅವ್ವ ಕೂಲಿಗೆ ಹೋಗುತ್ತಿದ್ದರು, ಮನೆ ಸಿಂಗರಿಸುವ ಕೆಲಸ ಅಕ್ಕನ ಪಾಲಿಗೆ ಬಂದಿತ್ತು. ಅಂಗಡಿಯಿಂದ ತಂದ ಒಂದು ನಕ್ಷತ್ರವೂ ನಮಗಿರಲಿಲ್ಲ. ಅಕ್ಕ ಊರಾಚೆಯ ದಿಬ್ಬಕ್ಕೆ ಹೋಗಿ ಕೆಮ್ಮಣ್ಣು ಅಗೆದು ತಂದು ನೆನೆಹಾಕುತ್ತಿದ್ದಳು. ಸೀರೆಯ ಹಳೆಯ ತುಂಡಿನಲ್ಲಿ ಸೋಸಿ, ಒಳಗಿನ ದೊಡ್ಡ ಗೋಡೆಗೆ ನೆಲದಿಂದ ತನ್ನ ತಲೆಯ ಮಟ್ಟದವರೆಗೆ ಬಳಿಯುತ್ತಿದ್ದಳು. ಅದು ಒಣಗಿದ ಮೇಲೆ ಜೋಳದ ದಂಟಿನ ತುದಿ ಜಜ್ಜಿ ಕುಂಚ ಮಾಡಿಕೊಂಡು ಸುಣ್ಣದ ನೀರಿನಲ್ಲಿ ಚಿತ್ರ ಬರೆಯುತ್ತಿದ್ದಳು. ನಮ್ಮ ಕಡೆ ಮದುವೆ ಮನೆಯ ಗೋಡೆಗೆ ಹಾಗೆ ಬರೆಯುತ್ತಾರೆ. ಅಕ್ಕ ಅದನ್ನೇ ಹಬ್ಬಕ್ಕೂ ತಂದಳು.

ಯೇಸು ಹುಟ್ಟಿದ ಗೋದಲಿ ಅವಳ ಚಿತ್ರದಲ್ಲಿ ನಮ್ಮೂರ ದನದ ಕೊಟ್ಟಿಗೆ. ಪಕ್ಕದಲ್ಲಿ ಬಣವೆ, ಬಣವೆಯ ಮೇಲೊಂದು ಕೋಳಿ. ತಾಯಿ ಮರಿಯಳಿಗೆ ಸೆರಗು ತುಂಬ ಚುಕ್ಕಿ. ಮಗುವಿಗೆ ದೃಷ್ಟಿ ತಾಕದಿರಲೆಂದು ಕೆನ್ನೆಗೆ ಮಸಿಯ ಬೊಟ್ಟು. ಎಲ್ಲ ಸರಿ, ಮಗುವನ್ನು ನೋಡಲು ಮೂಡಣ ದೇಶದಿಂದ ಬರುವ ಮೂವರು ಜ್ಞಾನಿಗಳದ್ದೇ ತೊಂದರೆ. ಚರ್ಚಿನ ಚಿತ್ರದಲ್ಲಿ ಅವರು ಒಂಟೆಯ ಮೇಲಿದ್ದರು.

"ಒಂಟಿ ನಾ ಕಣ್ಲೆ ಕಂಡಿಲ್ಲ. ಕಾಣದ್ದನ್ನ ಹೆಂಗ ಬರೀಲಿ? ಬರಾಕಿದ್ದೋರು ಯಾವುದ್ರಾಗ ಬಂದ್ರೇನು, ಬಂದ್ರ ಸಾಕು" ಎಂದಳು ಅಕ್ಕ. ಆ ವರ್ಷ ಅವರು ಚಕ್ಕಡಿಯಲ್ಲಿ ಬಂದರು. ಮರುವರ್ಷ ಸೈಕಲ್ಲಿನಲ್ಲಿ, ಒಬ್ಬ ಸೀಟಿನ ಮೇಲೆ, ಒಬ್ಬ ಹಿಂದಿನ ಕ್ಯಾರಿಯರ್ ಮೇಲೆ, ಒಬ್ಬ ಮುಂದಿನ ಡಂಡೆಯ ಮೇಲೆ. ಆಮೇಲೆ ಲೂನಾ ಬಂತು. ಮೂರು ಗಾಲಿಯ ಟಂಟಂ ಗಾಡಿಗಳು ಊರಿಗೆ ಬಂದ ವರ್ಷ ಇಬ್ಬರು ಒಳಗೆ ಕೂತು, ಮೂರನೆಯವನು ಹಿಂದೆ ಜೋತುಬಿದ್ದಿದ್ದ, ಅವನ ಕಿರೀಟವನ್ನು ಒಳಗಿದ್ದವನು ಮಡಿಲಲ್ಲಿ ಇಟ್ಟುಕೊಂಡಿದ್ದ. ಈ ಸಲ ಜ್ಞಾನಿಗಳು ಯಾವುದರಲ್ಲಿ ಬರುತ್ತಾರೆಂದು ನೋಡಲು ಓಣಿಯ ಎಲ್ಲ ಜಾತಿಯ ಮಕ್ಕಳೂ ನಮ್ಮ ಬಾಗಿಲಿಗೆ ಬರುತ್ತಿದ್ದರು. ನಿಂತುಹೋಗಿದ್ದ ರೈಲು ಕೊಟ್ಟೂರಿಗೆ ಮತ್ತೆ ಬಂದ ವರ್ಷ ಮೂವರೂ ರೈಲಿನ ಕಿಟಕಿಯಲ್ಲಿ ಕೂತು ಕೈಬೀಸಿದರು. ಅದನ್ನು ನೋಡಿ ಚರ್ಚಿನ ಅಯ್ಯನವರು, "ಏನವ್ವ, ಇವರು ಟಿಕೆಟ್ ತಗೊಂಡಾರೋ ಹಂಗೇ ಹತ್ಯಾರೋ?" ಎಂದು ಕೇಳಿದರು.

"ಅಷ್ಟು ದೂರದಿಂದ ಬಂದಾರ್ರೀ ಅಯ್ಯನೋರ, ಅವರನ್ನ ಯಾವನ್ರೀ ಟಿಕೆಟ್ ಕೇಳಾಂವ?" ಎಂದಳು ಅಕ್ಕ. ಅಯ್ಯನವರು ಚಹಾ ಚೆಲ್ಲಿಕೊಂಡು ನಕ್ಕರು…

ನನ್ನನ್ನು ಹಗರಿಬೊಮ್ಮನಹಳ್ಳಿಗೆ ಕೊಟ್ಟ ಮೇಲೂ, ಕೊಟ್ಟೂರಿನಲ್ಲೇ ಉಳಿದ ಅಕ್ಕ ನನ್ನ ಮನೆಗೆ ಬಂದು ಬರೆಯುವುದು ತಪ್ಪಲಿಲ್ಲ. ಹಬ್ಬದ ಮುಂಚಿನ ವಾರ ತನ್ನ ಮನೆಯ ಗೋಡೆಗೂ ಮೊದಲು ನನ್ನದೇ ಎಂದು ಬಸ್ಸು ಹತ್ತುತ್ತಿದ್ದಳು. ಒದ್ದೆ ಗೋಣಿಯಲ್ಲಿ ಕೆಮ್ಮಣ್ಣಿನ ಮುದ್ದೆ ಸುತ್ತಿ ಮಡಿಲಲ್ಲಿ ಇಟ್ಟುಕೊಂಡು ಬರುತ್ತಿದ್ದಳು. ಅವಳಿಗೆ ಮಕ್ಕಳಿರಲಿಲ್ಲ. ನನ್ನ ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅವನ ಕೈ ಹಿಡಿದು ಕುರಿ ಬರೆಸುತ್ತಿದ್ದಳು. ನನ್ನ ಗಂಡ ತೀರಿಕೊಂಡ ವರ್ಷ ಗೋಡೆ ಬೇಡ ಎಂದೆ. "ಲೇ ತಂಗಿ, ಹುಡುಗ ಬರೇ ಗ್ವಾಡಿ ನೋಡ್ಕೊಂಡು ಹಬ್ಬ ಮಾಡಬೇಕೇನು? ನೀ ಅತ್ಕೊಂತ ಕುಂಡ್ರು, ನಾ ಬರೀತೀನಿ" ಎಂದು ಬಳಿಯಲು ಶುರು ಮಾಡಿದಳು. ಆ ಬಾಡಿಗೆ ಮನೆಯ ಗೋಡೆಯೇ ಆ ವರ್ಷ ನಮ್ಮನ್ನು ಕಾಪಾಡಿತು ಎಂದರೆ ಹೆಚ್ಚು ಹೇಳಿದಂತಾಗುವುದಿಲ್ಲ.

ಆಮೇಲೆ ಮಗನಿಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸವಾಯಿತು. ಸಾಲ ಮಾಡಿ ಸ್ವಂತ ಮನೆ ಕಟ್ಟಿದ. ಗೋಡೆಗೆ ಪುಟ್ಟಿ ಹಚ್ಚಿ, ನುಣ್ಣಗೆ ಉಜ್ಜಿ, ಹಾಲಿನ ಬಣ್ಣ ಹೊಡೆಸಿದ. ದಾವಣಗೆರೆಯ ಹುಡುಗಿ ಸೊಸೆಯಾಗಿ ಬಂದಳು. ಮದುವೆಯ ನಂತರದ ಮೊದಲ ಕ್ರಿಸ್‌ಮಸ್ಸಿಗೆ ಬೀಗರು ಊಟಕ್ಕೆ ಬರುವವರಿದ್ದರು.

ಸೊಸೆ ಒಂದು ಮಧ್ಯಾಹ್ನ ನನ್ನ ಪಕ್ಕ ಕೂತು ಮೊಬೈಲಿನಲ್ಲಿ ಚಿತ್ರಗಳನ್ನು ತೋರಿಸಿದಳು. ಕೆಂಪು ಹಸಿರಿನ ಮನೆ, ಬಿಳಿ ಬಂಗಾರದ ಮನೆ, ನೀಲಿ ದೀಪದ ಮನೆ. "ಯಾವ ತರ ಮಾಡಾಣ ಅತ್ತೆ?" ಎಂದು ಕೇಳಿದಳು. ಬಿಳಿ ಬಂಗಾರದ್ದರ ಮೇಲೆ ಬೆರಳಿಟ್ಟೆ. ಅಂಥ ಮನೆಯಲ್ಲಿ ನಾನಿರುತ್ತೇನೆಂದು ಯಾವತ್ತೂ ಅಂದುಕೊಂಡಿರಲಿಲ್ಲ. ಅದನ್ನೇ ಮಾಡು ಎಂದೆ.

"ಹಂಗಾದ್ರೆ ಮರ ಈ ಮೂಲೆಗೆ ಇಡಾಣ. ಆ ದೊಡ್ಡ ಗೋಡೆ ದೊಡ್ಡತ್ತೆಗೆ ಬಿಡಾಣ. ಅವರು ಬರೀತಾರಲ್ಲ, ನಿಮ್ಮ ಮಗ ಹೇಳ್ತಿರ್ತಾರೆ" ಎಂದಳು ಅವಳು.

ಹೌದು, ಅವಳೇ ಹೇಳಿದ್ದು. ಬೇಡ ಎಂದವಳು ನಾನು.

"ಬ್ಯಾಡವ್ವ. ನಿಮ್ಮ ಅಪ್ಪ ಅವ್ವ ಬರ್ತಾರ. ಹೊಸ ಮನ್ಯಾಗ ಮಣ್ಣು ಬಳದಿದ್ದು ನೋಡಿ ಏನಂದಾರು? ಇನ್ನೂ ಗುಡಿಸಲಾಗ ಇದ್ದಂಗ ಅದಾರ ಅಂತಾರ" ಎಂದೆ. ಅವಳು ಏನೋ ಹೇಳಲು ಹೋದಳು, ನಾನು ಬಿಡಲಿಲ್ಲ. ಅಷ್ಟಕ್ಕೇ ನಿಲ್ಲಿಸಲೂ ಇಲ್ಲ. "ನಾ ಹೇಳಿದ್ರ ಅಕ್ಕ ನೊಂದ್ಕೊಂತಾಳ. ನೀ ಹೊಸಬಳು, ನೀ ಹೇಳಿದ್ರ ಏನೂ ಅನ್ನಂಗಿಲ್ಲ. ನಾ ಮನ್ಯಾಗಿಲ್ಲ ಅಂತ ಹೇಳು" ಎಂದೂ ಕಲಿಸಿಕೊಟ್ಟೆ. ಹೊಸ ಸೊಸೆ ಅತ್ತೆಯ ಮಾತಿಗೆ ಎದುರಾಡುವುದು ಹೇಗೆ?

ಅಕ್ಕ ಬಂದಳು. ಹಿಂದಿನ ದಿನ ಫೋನಿನಲ್ಲಿ, "ಈ ಸಲ ಅವರು ಯಾವುದ್ರಾಗ ಬರ್ತಾರ ಅಂತ ನಿನಗ ಹೇಳಂಗಿಲ್ಲ. ನೀ ಬಿದ್ದು ಬಿದ್ದು ನಗಬೇಕು" ಎಂದಿದ್ದಳು. ಬಸ್ಸಿನಿಂದ ಇಳಿದು ನಡೆದೇ ಬಂದಿದ್ದಳು, ಏದುಸಿರು ಪರದೆಯ ಈಚೆಗೂ ಕೇಳಿಸುತ್ತಿತ್ತು.

"ದೊಡ್ಡತ್ತೆ… ಈ ಸಲ ಗೋಡೆಗೆ ಏನೂ ಬ್ಯಾಡ ಅಂತ…" ಸೊಸೆಯ ದನಿ ಅಲ್ಲಿಗೇ ನಿಂತಿತು.

ಗೋಣಿ ನೆಲಕ್ಕಿಟ್ಟ ಸದ್ದಾಯಿತು. ಆಮೇಲೆ ಅಕ್ಕ ನಕ್ಕಳು. "ಚಲೋ ಆತು ಬಿಡವ್ವ. ನನಗೂ ಸೊಂಟ ಹಿಡಿದೈತಿ, ಹೆಂಗ ಬರೀಲಪ್ಪ ಅಂತ ಬಸ್ಸಿನಾಗ ಚಿಂತಿ ಮಾಡ್ಕೊಂತ ಬಂದೆ. ತಂಗಿ ಎಲ್ಲದಾಳ?"

"ಅತ್ತೆ… ಹೊರಗೆ ಹೋಗ್ಯಾರೆ."

ನನ್ನ ಚಪ್ಪಲಿ ಹೊಸ್ತಿಲಿನ ಹತ್ತಿರವೇ ಇದ್ದವು. ಅಕ್ಕನೇ ಕೊಟ್ಟೂರಿನಲ್ಲಿ ಕೊಡಿಸಿದ ಚಪ್ಪಲಿ. ಅವನ್ನು ಅವಳು ನೋಡಿದಳೋ ಇಲ್ಲವೋ… ಇವತ್ತಿಗೂ ಗೊತ್ತಿಲ್ಲ. "ಇದನ್ನ ಮತ್ತ ಹೊತ್ಕೊಂಡು ಹೋಗೋದ್ಯಾಕ, ಗಿಡದ ಬುಡಕ್ಕ ಹಾಕಿ ಹೋಗ್ತೀನಿ" ಎಂದಳು. ಅಂಗಳದ ಕರಿಬೇವಿನ ಗಿಡದ ಹತ್ತಿರ ಗೋಣಿ ಕೊಡವಿದ ಸದ್ದು ಕೇಳಿಸಿತು. ಸೊಸೆ ನೀರು ಕೊಟ್ಟಳು, ಚಹಾ ಕುಡಿದು ಹೋಗಿ ಎಂದು ಮತ್ತೆ ಮತ್ತೆ ಕರೆದಳು. ಬಸ್ಸು ತಪ್ಪುತ್ತದೆ ಎಂದು ಅಕ್ಕ ಹೊರಟಳು.

ಆ ವರ್ಷ ಜ್ಞಾನಿಗಳು ಯಾವುದರಲ್ಲಿ ಬರುವವರಿದ್ದರೋ ನನಗೆ ತಿಳಿಯಲೇ ಇಲ್ಲ. ತನ್ನ ಮನೆಯ ಗೋಡೆಯನ್ನೂ ಅಕ್ಕ ಬರೆಯಲಿಲ್ಲವಂತೆ. ನಮ್ಮ ಮನೆಯಿಂದ ಹೋದ ಮೇಲೆ ಸುಣ್ಣದ ಡಬ್ಬಿ ಮುಚ್ಚಿಟ್ಟಳಂತೆ.

ಹಬ್ಬ ಚೆನ್ನಾಗಿಯೇ ಆಯಿತು. ಬಂಗಾರದ ಉಂಡೆಗಳು ತೂಗಿದ ಬಿಳಿ ಮರ ನಿಜಕ್ಕೂ ಚೆಂದವಿತ್ತು, ಅದರ ತಪ್ಪೇನಿಲ್ಲ. ಬೀಗಿತಿ ಊಟವಾದ ಮೇಲೆ ಸುತ್ತ ನೋಡಿ, "ನಿಮ್ಮ ಅಕ್ಕಾರು ಗೋಡೆ ಮ್ಯಾಲೆ ಏನೋ ಬರೀತಾರಂತಲ್ರೀ? ಮಗಳು ಹೇಳಿದ್ಲು, ನೋಡಾಣ ಅಂತಿದ್ವಿ" ಎಂದರು. ನಾನು ಪಾಯಸ ಬಡಿಸುವ ನೆಪದಲ್ಲಿ ಎದ್ದು ಹೋದೆ.

ಮುಂಗಾರು ಶುರುವಾಗುವ ಹೊತ್ತಿಗೆ ಅಕ್ಕ ಹಾಸಿಗೆ ಹಿಡಿದಳು. ಲಕ್ವ ಹೊಡೆದು ಒಂದು ಕೈ ಬಿದ್ದುಹೋಗಿತ್ತು, ಮಾತು ತೊದಲುತ್ತಿತ್ತು, ಆದರೆ ಅರ್ಥವಾಗುತ್ತಿತ್ತು. ಅವಳ ಕಾಲೊತ್ತುತ್ತಾ ಕೂತಿದ್ದಾಗ ಇವತ್ತು ಹೇಳಿಬಿಡಬೇಕು ಎಂದುಕೊಂಡೆ. ಅಷ್ಟರಲ್ಲಿ ಅವಳೇ ಮಾತು ತೆಗೆದಳು.

"ಆ ಹುಡುಗಿ ಮ್ಯಾಲ ನನಗ ಸಿಟ್ಟಿಲ್ಲಬೇ. ಹೊಸದಾಗಿ ಬಂದಾಳ, ಮನಿ ತನ್ನಂಗ ಇರ್ಲಿ ಅನಸ್ತೈತಿ. ನೀ ಆಕಿಗೆ ಏನೂ ಅನ್ನಬ್ಯಾಡ. ಅನ್ನಂಗಿಲ್ಲ ಅಂತ ಹೇಳು."

ಅನ್ನುವುದಿಲ್ಲ ಎಂದು ತಲೆಯಾಡಿಸಿದೆ. ಅಷ್ಟೇ ಮಾಡಿದ್ದು. ಅಕ್ಕ ನೆಮ್ಮದಿಯಾಗಿ ಕಣ್ಣು ಮುಚ್ಚಿದಳು. ಆ ನೆಮ್ಮದಿ ನೋಡಿದ ಮೇಲೆ ಹೇಳುವ ಧೈರ್ಯ ಬರಲಿಲ್ಲ… ಇಲ್ಲ, ಅದೂ ಸುಳ್ಳು. ಹೇಳದೆ ಉಳಿದದ್ದಕ್ಕೆ ನನಗೆ ಹಗುರವೇ ಆಗಿತ್ತು. ಮುಂದಿನ ವಾರ ಅವಳನ್ನು ಮಣ್ಣು ಮಾಡಿದೆವು.

ಮಣ್ಣಿಗೆ ಬಂದ ಹೆಂಗಸರ ನಡುವೆ ಪಿಸುಮಾತು ಎದ್ದಿತು. ಹಬ್ಬಕ್ಕೆ ಬಂದ ಹಿರಿಯಳನ್ನು ಬಾಗಿಲಲ್ಲೇ ವಾಪಸ್ ಕಳಿಸಿದ ಸೊಸೆ ಇವಳೇ ಎಂದು ತೋರಿಸಿದರು. ಸೊಸೆ ತಲೆ ತಗ್ಗಿಸಿದಳು. ನನ್ನ ಮಗ ಸಹ ಅವಳೊಂದಿಗೆ ಕೆಲವು ದಿನ ಸರಿಯಾಗಿ ಮಾತಾಡಲಿಲ್ಲ. ಅವಳು ಗಂಡನಿಗೂ ನಿಜ ಹೇಳಲಿಲ್ಲ. ಅತ್ತೆಯ ಮಾನ ಹೋಗುತ್ತದೆ ಎಂದು ಆ ಹುಡುಗಿ ಬಾಯಿ ಮುಚ್ಚಿಕೊಂಡಳು, ನಾನು ನನ್ನ ಮಾನ ಉಳಿಯಿತೆಂದು ಮುಚ್ಚಿಕೊಂಡೆ.

ಮೊನ್ನೆ ಕೆಮ್ಮಣ್ಣಿನ ವಾಸನೆ ಬಂದ ದಿನ ಹಾಸ್ಟೆಲ್ಲಿನಿಂದ ಮನೆಗೆ ಹೋದರೆ ನನ್ನ ನಾದಿನಿ ಬಂದಿದ್ದಳು. ಮಗ ಡ್ಯೂಟಿ ಮುಗಿಸಿ ಊಟಕ್ಕೆ ಕೂತಿದ್ದ. ಸೊಸೆ ಅಟ್ಟದಿಂದ ಹಬ್ಬದ ಸಾಮಾನು ಇಳಿಸಿ ಒರೆಸುತ್ತಿದ್ದಳು. "ಅತ್ತೆ, ಈ ಸಲ ಯಾವ ತರ ಮಾಡಾಣ?" ಎಂದಳು.

ನಾದಿನಿ ನಗುತ್ತಲೇ ಚುಚ್ಚಿದಳು: "ಆಕಿನ್ನ ಯಾಕ ಕೇಳ್ತೀಯವ್ವ? ನಿನ್ನ ಮನಿ, ನಿನ್ನ ಗ್ವಾಡಿ. ಬರೆಯಾಕ ಬಂದಾಕಿನ್ನೇ ಬಾಗಿಲಾಗಿಂದ ಅಟ್ಟೀದಿ, ಇನ್ನೇನೈತಿ ಕೇಳಾದು?"

ಸೊಸೆಯ ಕೈ ಒರೆಸುವುದನ್ನು ನಿಲ್ಲಿಸಿತು. ಎಂದಿನಂತೆ ತಲೆ ತಗ್ಗಿತು. ನಾನು ಅಡುಗೆಮನೆಗೆ ಹೋಗಬಹುದಿತ್ತು, ಪರದೆ ಅಲ್ಲೇ ಇತ್ತು. ನನ್ನ ಕಾಲುಗಳೂ ಆ ಕಡೆಗೇ ತಿರುಗಿದ್ದವು.

"ಅಟ್ಟಿದಾಕಿ ಆಕಿ ಅಲ್ಲ, ನಾನು" ಎಂದೆ. ಮಗ ತುತ್ತು ಹಿಡಿದುಕೊಂಡೇ ನನ್ನತ್ತ ನೋಡಿದ. "ಗ್ವಾಡಿ ದೊಡ್ಡತ್ತಿಗೆ ಬಿಡಾಣ ಅಂದಿದ್ಲು ಆಕಿ. ಬ್ಯಾಡ ಅಂದಾಕಿ ನಾನು. ಹೇಳು ಅಂತ ಕಳಿಸಿದಾಕೀನೂ ನಾನು. ತಪ್ಪಾತವ್ವ ನನ್ನಿಂದ."

ಸೊಸೆ ಕಣ್ಣೊರೆಸಿಕೊಂಡು, ಮೆಲ್ಲಗೆ ಹೇಳಿದಳು: "ನಂಗಲ್ಲ ಅತ್ತೆ. ದೊಡ್ಡತ್ತೆಗೆ ಹೇಳ್ರಿ."

ಇಲ್ಲದವಳಿಗೆ ಹೇಗೆ ಹೇಳುವುದು, ಎತ್ತ ತಿರುಗಿ ಹೇಳುವುದು? ನಮಗೆ ಕೊಟ್ಟೂರು ದಕ್ಷಿಣಕ್ಕೆ. ಆ ಕಡೆ ಮುಖ ಮಾಡಿದೆ. ಎಲ್ಲರೂ ನೋಡುತ್ತಿದ್ದರು, ನಾಚಿಕೆಯಾಗಲಿಲ್ಲ.

"ಅಕ್ಕಾ, ಅವತ್ತು ನಾ ಮನ್ಯಾಗ ಇದ್ದೆ. ಒಳಗ ನಿಂತು ಎಲ್ಲಾ ಕೇಳಿಸ್ಕೊಂಡೆ. ನಿನ್ನ ಮಣ್ಣು ನೋಡಿ ನಾಚಿಕಿ ಪಟ್ಟಾಕಿ ಈ ಹುಡುಗಿ ಅಲ್ಲಬೇ, ನಿನ್ನ ತಂಗಿ. ನನ್ನದು ತಪ್ಪಾತು. ತಪ್ಪಾತಕ್ಕಾ…"