ಬದುವಿಲ್ಲದ ಹೊಲ

ಮಸ್ಕಿಗೆ ಬಂದ ವಾರದಲ್ಲೇ ನನ್ನ ಹಸಿರು ಬಣ್ಣ ಕೆಲಸಕ್ಕೆ ಬಾರದಾಯಿತು. ಧಾರವಾಡದಲ್ಲಿ ಎಲ್ಲಕ್ಕಿಂತ ಮೊದಲು ಮುಗಿಯುತ್ತಿದ್ದ ಬಣ್ಣವದು. ಇಲ್ಲಿ ನೆಲ ಕಪ್ಪು, ಜೋಳದ ಹೊಲ ಬಿಳಿಹಳದಿ; ಮಧ್ಯಾಹ್ನದ ಬಿಸಿಲಿಗೆ ಬೇವಿನ ಗಿಡಗಳೂ ಬೂದಿ ಬಳಿದಂತೆ ಕಾಣುತ್ತವೆ.

ನಾನು ಶಾಲೆಯ ಚಿತ್ರಕಲೆಯ ಮಾಸ್ತರ. ನಿಜಾಮರ ಸೀಮೆ, ಪಾಠವೆಲ್ಲ ಉರ್ದುವಿನಲ್ಲಿ. ಅಲ್ಲಿ ಸೂಟಿ ಕೇಳುತ್ತಿದ್ದವನು ಇಲ್ಲಿ ರುಖಸತ್ ಕೇಳುವುದನ್ನು ಕಲಿತೆ. ವಾರದ ಸೂಟಿಯೂ ರವಿವಾರವಲ್ಲ, ಶುಕ್ರವಾರ. ದಿನವಿಡೀ ಪರಭಾಷೆ ಆಡಿ ದಣಿದ ಬಾಯಿಗೆ ಸಂಜೆ ಕನ್ನಡ ಸಿಗುತ್ತಿದ್ದುದು ಮನೆ ಮಾಲೀಕರಾದ ಬಳೆಗಾರ ಖಾಸಿಂಸಾಬರಿಂದ.

ಶುಕ್ರವಾರ ಬಸನಗೌಡರ ಹೊಲದ ಅಂಚಿಗೆ ಕೂತು ಚಿತ್ರ ಬರೆಯುತ್ತಿದ್ದೆ. ನಾನು ಕಲಿತದ್ದು ಗೆರೆ ಎಳೆಯದೆ, ಚಿಕ್ಕಚಿಕ್ಕ ಬಣ್ಣದ ಚುಕ್ಕೆಗಳಲ್ಲಿ ಬೆಳಕನ್ನು ಹಿಡಿಯುವ ರೀತಿ. ಗಡಿಯ ಆಚೆಯಿಂದ ಬಂದವರನ್ನೆಲ್ಲ ಅನುಮಾನದಿಂದ ನೋಡುತ್ತಿದ್ದ ದಿನಗಳವು. ಗೌಡರು ಠಾಣೆಗೆ ಹೋಗಿ, "ಪರಸ್ಥಳದವ ಬಂದಾನ, ನಮ್ಮ ಗಿಡ ಎಣಿಸಿ ನಕ್ಷಾ ತೆಗಿಯಾಕತ್ತಾನ" ಎಂದರಂತೆ. ನಮ್ಮ ಕಡೆ ಫೌಜದಾರ ಎನ್ನುವವನಿಗೆ ಇಲ್ಲಿ ಅಮೀನ ಎನ್ನುತ್ತಾರೆ. ಅಮೀನರು ನನ್ನನ್ನು ಚಿತ್ರದ ಸಮೇತ ಠಾಣೆಗೆ ಬರಹೇಳಿದರು. ನೌಕರಿ ಹೋದಂತೆಯೇ ಅಂದುಕೊಂಡೆ. ಖಾಸಿಂಸಾಬರು ಕರೆಯದಿದ್ದರೂ ಅಂಗಡಿ ಮುಚ್ಚಿ ನನ್ನ ಜೊತೆ ನಡೆದರು.

ಅಮೀನರು ಚಿತ್ರವನ್ನು ಗೋಡೆಗೆ ಆನಿಸಿ, ಹತ್ತಿರದಿಂದ ನೋಡಿದರು, ದೂರದಿಂದ ನೋಡಿದರು.

"ಇದರಾಗ ಬದು ಎಲ್ಲೈತ್ರೀ?"

"ಬರದಿಲ್ರೀ."

"ದಾರಿ?"

"ಅದೂ ಇಲ್ರೀ."

"ಮತ್ತ ಏನ್ ಬರದೀರಿ?"

"ಬಿಸಿಲು."

ಖಾಸಿಂಸಾಬರು ಮುಂದೆ ಬಂದರು. "ಸಾಹೇಬ್ರ, ಈ ನಕ್ಷಾ ಹಿಡಕೊಂಡು ಹೊಂಟಾವ ತನ್ನ ಮನೀನೂ ಮುಟ್ಟಂಗಿಲ್ರೀ. ಮಾಸ್ತರು ನಮ್ಮ ಮನ್ಯಾಗ ಅದಾರ. ನಾ ಜಾಮೀನು."

ಅಮೀನರು ನಕ್ಕು ಚಿತ್ರ ಮರಳಿಸಿದರು. ಚಿತ್ರ ಯಾವ ಉಪಯೋಗಕ್ಕೂ ಬಾರದ್ದಾದ್ದರಿಂದಲೇ ನಾನು ಉಳಿದೆ. ಸಮಾಧಾನವಾಯಿತು, ಯಾಕೋ ಸಂಕಟವೂ ಆಯಿತು.

ಹೊರಗೆ ಗೌಡರು ನಿಂತಿದ್ದರು. ಚಿತ್ರವನ್ನು ಬಹಳ ಹೊತ್ತು ನೋಡಿದರು. ತಪ್ಪಾಯಿತು ಎನ್ನಲಿಲ್ಲ. "ಬಿಸಿಲಾಗ ಯಾಕ ಕುಂದರ್ತೀರಿ? ಬೇವಿನ ನೆಳ್ಳಿಗೆ ಬರ್ರಿ" ಎಂದಷ್ಟೇ ಹೇಳಿ ಹೋದರು. ಮುಂದೆ ಅಲ್ಲೇ ಕೂತು ಬರೆದೆ.

ಬೇಸಿಗೆಯಲ್ಲಿ ಧಾರವಾಡಕ್ಕೆ ಹೋದಾಗ ಅಕ್ಕನಿಗೆ ಆ ಚಿತ್ರ ತೋರಿಸಿದೆ. "ಬಣ್ಣ ಎಲ್ಲಾ ಮಾಸ್ಯಾವಲ್ಲೋ. ತಿರುಗಿ ಯಾವಾಗ ಬರ್ತಿ?" ಎಂದಳು. ಅವಳ ಹಿತ್ತಿಲಿನ ಮಾವಿನ ಹಸಿರು ನನ್ನ ಕಣ್ಣಿಗೆ ಚುಚ್ಚುತ್ತಿತ್ತು.

ಮಸ್ಕಿಗೆ ಮರಳಿದ ದಿನ ಖಾಸಿಂಸಾಬರು ಕೀಲಿ ತೆಗೆಯುತ್ತ ಕೇಳಿದರು: "ನಿಮ್ಮೂರಿಗೆ ಕಾಯಂ ಯಾವಾಗ ಹೋಗ್ತೀರಿ, ಮಾಸ್ತರ?"

ಅಕ್ಕನಿಗೆ ಹೇಳಿದ್ದನ್ನೇ ಅವರಿಗೂ ಹೇಳಿದೆ: ನೋಡೋಣ.